ಕಡಲ ತಳದ ಊರಿನಲ್ಲಿ ಹಳೆಯ ಹಾಸಿಗೆಗಳು

ರೈಲು ಆಲ್ಮೇರೆ ಪಟ್ಟಣವನ್ನು ದಾಟಿದ ಮೇಲೆ ಕಿಟಕಿಯಾಚೆ ಬರಿಯ ಬಯಲು. ಗುಡ್ಡವಿಲ್ಲ, ದಿಣ್ಣೆಯಿಲ್ಲ; ದಾರ ಹಿಡಿದು ಎಳೆದಂತಹ ಕಾಲುವೆಗಳು, ಸಾಲಾಗಿ ನಿಂತ ಗಾಳಿಯಂತ್ರಗಳು. “ಅಪ್ಪಾಜಿ, ನಾವೀಗ ಸಮುದ್ರದ ತಳದ ಮೇಲೆ ಹೋಗುತ್ತಿದ್ದೇವೆ” ಎಂದ ನಮ್ಮ ಮಗ. ಅವನ ಮಾತು ಉತ್ಪ್ರೇಕ್ಷೆಯಲ್ಲ. 1932ರಲ್ಲಿ 32 ಕಿ.ಮೀ. ಉದ್ದದ ಒಡ್ಡನ್ನು ಕಟ್ಟಿ ಡಚ್ಚರು ಕಡಲಿನ ಒಂದು ದೊಡ್ಡ ತೋಳನ್ನು ಹೊರಗಡಲಿನಿಂದ ಬೇರ್ಪಡಿಸಿದರು. ಒಳಗುಳಿದ ನೀರಿನ ಒಂದು ಭಾಗಕ್ಕೆ ಮತ್ತೆ ಒಡ್ಡು ಹಾಕಿ, ಪಂಪುಗಳಿಂದ ನೀರನ್ನು ಹೊರಚೆಲ್ಲಿ, 1957ರಲ್ಲಿ ಈ ನೆಲವನ್ನು ಒಣಗಿಸಿದರು. ಆ ಯೋಜನೆಯನ್ನು ರೂಪಿಸಿದ ಎಂಜಿನಿಯರ್ ಕಾರ್ನೆಲಿಸ್ ಲೆಲಿಯವರ ಹೆಸರನ್ನೇ ಹೊತ್ತ ಊರು ಲೆಲಿಸ್ಟಾಡ್. ಅಲ್ಲಿಗೆ ಮೊದಲ ಕುಟುಂಬಗಳು ಬಂದು ನೆಲೆಸಿದ್ದು 1967ರಲ್ಲಿ. ಊರು ಇಂದಿಗೂ ಸಮುದ್ರಮಟ್ಟಕ್ಕಿಂತ ಸುಮಾರು ಮೂರು ಮೀಟರ್ ಕೆಳಗಿದೆ.

ಪ್ರವಾಸಿಗರು ಇಲ್ಲಿಗೆ ಬರುವುದು ‘ಬಟಾವಿಯಾ’ ಹಡಗನ್ನು ನೋಡಲು. 1628ರಲ್ಲಿ ಕಡಲಿಗಿಳಿದ ಹಡಗಿನ ಪ್ರತಿರೂಪವಿದು. ಹತ್ತು ವರ್ಷ ದುಡಿದು 1995ರಲ್ಲಿ ಕಟ್ಟಿ ಮುಗಿಸಿದರು. ನಾವೂ ಅದನ್ನು ನೋಡಿದೆವು, ಚೆನ್ನಾಗಿದೆ. ಆದರೆ ನಾವು ಬಂದದ್ದು ಹಳೆಯ ಹಾಸಿಗೆಗಳನ್ನು ನೋಡಲು ಎಂದರೆ ಓದುಗರು ನಗಬಹುದು.

ಕಾರಣ ನಮ್ಮದೇ ಒಂದು ತಪ್ಪು. ಆಮ್‌ಸ್ಟೆಲ್‌ವೇನ್‌ನಲ್ಲಿರುವ ಮಗನ ಮನೆಗೆ ನಾವು ಬಂದಿಳಿದಾಗ ಸೊಸೆ ನಮಗಾಗಿ ಹೊಸ ಹಾಸಿಗೆ ತರಿಸಿದ್ದಳು. ಹಳೆಯದನ್ನು ಮರುದಿನ ಊರಿನ ಕಸದ ಅಂಗಳಕ್ಕೆ ಒಯ್ಯುವುದೆಂದು ನಿಶ್ಚಯವಾಗಿತ್ತು. ಅದರ ವಾಸನೆ ಹೋಗಲೆಂದು ನಾವು ಅದನ್ನು ಹಿತ್ತಲಿನಲ್ಲಿ ಬಿಸಿಲಿಗೆ ಹಾಕಿದೆವು. ಆ ದೇಶದ ಬಿಸಿಲನ್ನು ನಂಬಬಾರದೆಂಬುದು ನಮಗೇನು ಗೊತ್ತು! ರಾತ್ರಿಯಿಡೀ ಮಳೆ ಸುರಿಯಿತು. ಅಂಗಳದವರು ಹಾಸಿಗೆಯನ್ನು ಒತ್ತಿ ನೋಡಿ, ತೊಯ್ದದ್ದು ಮರುಬಳಕೆಗೆ ಬಾರದು, ಸುಡುವ ಕಸಕ್ಕೆ ಹೋಗಬೇಕು ಎಂದರು. “ಅಜ್ಜಾ, ನೀನೇ ಕೆಡಿಸಿದೆ” ಎಂದು ಏಳು ವರ್ಷದ ಮೊಮ್ಮಗಳು ಆಡಿದ ಮಾತು ನಮ್ಮನ್ನು ಎರಡು ದಿನ ಕಾಡಿತು. ತೊಯ್ಯದ ಹಾಸಿಗೆ ಎಲ್ಲಿಗೆ ಹೋಗುತ್ತದೆ, ಏನಾಗುತ್ತದೆ ಎಂದು ನಾವು ಕೇಳುತ್ತಲೇ ಇದ್ದುದರಿಂದ ಮಗ ತನ್ನ ಪರಿಚಿತರ ಮೂಲಕ ಈ ಭೇಟಿಯನ್ನು ಏರ್ಪಡಿಸಿದ.

ನೆದರ್‌ಲ್ಯಾಂಡ್ಸ್‌ನಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಹಾಸಿಗೆಗಳು ಮನೆಯಿಂದ ಹೊರಬೀಳುತ್ತವೆ. ಮೊದಲು ಬಹುಪಾಲು ಬೆಂಕಿಗೆ ಹೋಗುತ್ತಿದ್ದವು. 2022ರ ಜನವರಿ 1ರಿಂದ ಹಾಸಿಗೆಯನ್ನು ತಯಾರಿಸುವವರೇ, ಹೊರದೇಶದಿಂದ ತರಿಸುವವರೇ ಅದರ ಅಂತ್ಯಕ್ಕೂ ಹೊಣೆಯೆಂದು ಅಲ್ಲಿ ನಿಯಮವಾಗಿದೆ. ಮಾರಿದವನ ಕೆಲಸ ಮಾರಾಟಕ್ಕೇ ಮುಗಿಯಲಿಲ್ಲ ಎಂಬ ಈ ನಿಯಮ ನಮಗೆ ಬಹಳ ಹಿಡಿಸಿತು.

ಲೆಲಿಸ್ಟಾಡಿನಲ್ಲಿ ಈ ಕೆಲಸ ಮಾಡುವ ಸಂಸ್ಥೆಯ ಹೆಸರು ‘ರಿಟೂರ್‌ಮಾತ್ರಾಸ್’. ‘ಮರಳಿ ಬಂದ ಹಾಸಿಗೆ’ ಎನ್ನಬಹುದು. ಒಳಗೆ ಮಾಳಿಗೆಯೆತ್ತರಕ್ಕೆ ಒಟ್ಟಿದ ಹಾಸಿಗೆಗಳು. ಒಂದೊಂದರ ಮೇಲೂ ಯಾರದೋ ಹತ್ತಾರು ವರ್ಷದ ನಿದ್ದೆ, ಯಾರದೋ ಕಾಯಿಲೆ, ಯಾರದೋ ಬಾಣಂತನ. ಮೇಲಿನ ಬಟ್ಟೆಯನ್ನು ಕೊಯ್ದು ಸುಲಿದು, ಫೋಮ್, ಲ್ಯಾಟೆಕ್ಸ್, ಉಕ್ಕಿನ ಸ್ಪ್ರಿಂಗ್ ಇವನ್ನು ಬೇರೆ ಬೇರೆ ಮಾಡುತ್ತಾರೆ. ಉಕ್ಕಿನ ದಾರಿ ಸುಲಭ, ಕರಗಿಸಿದರಾಯಿತು. ತೊಡಕಿರುವುದು ಫೋಮಿನಲ್ಲಿ.

ಪಾಲಿಯುರೆಥೇನ್ ಎಂಬ ಈ ವಸ್ತುವಿನ ರಸಾಯನವನ್ನು ಜರ್ಮನಿಯ ಲೆವರ್‌ಕೂಸೆನ್‌ನಲ್ಲಿ ಒಟ್ಟೊ ಬೇಯರ್ ಮತ್ತು ಸಂಗಡಿಗರು 1937ರಲ್ಲಿ ಕಂಡುಹಿಡಿದರು. ಪಾಲಿಯಾಲ್, ಐಸೊಸಯನೇಟ್ ಎಂಬ ಎರಡು ದ್ರವಗಳು ಕೂಡಿದಾಗ ಅದು ಹುಟ್ಟುತ್ತದೆ. ಜೊತೆಗೆ ಸ್ವಲ್ಪ ನೀರು ಬೆರೆತರೆ ಇಂಗಾಲದ ಡೈಆಕ್ಸೈಡ್ ಅನಿಲವೆದ್ದು, ಇಡ್ಲಿಯ ಹಿಟ್ಟಿನಂತೆ ಮಿಶ್ರಣ ಉಬ್ಬಿ ನಿಲ್ಲುತ್ತದೆ. ಬೆಂದ ಇಡ್ಲಿಯನ್ನು ಮತ್ತೆ ಹಿಟ್ಟು ಮಾಡಲಾದೀತೇ? ಫೋಮ್ ಕೂಡ ಹಾಗೆಯೇ. ಬಿಂದಿಗೆಯ ಪ್ಲಾಸ್ಟಿಕ್ಕಿನಂತೆ ಕಾಸಿ ಕರಗಿಸಿ ಬೇರೆ ಅಚ್ಚಿಗೆ ಹೊಯ್ಯಲು ಬರುವುದಿಲ್ಲ. ಆದ್ದರಿಂದ ಅದನ್ನು ಚೂರುಚೂರು ಮಾಡಿ, ಅಂಟು ಬೆರೆಸಿ, ಒತ್ತಿ ದಪ್ಪ ಹಲಗೆಗಳನ್ನಾಗಿ ಮಾಡುತ್ತಾರೆ. ಜೂಡೊ ಆಟದ ಚಾಪೆಗಳಿಗೆ, ನೆಲಗಂಬಳಿಯ ಅಡಿಗೆ ಹಾಸಲು ಅದು ಸಲ್ಲುತ್ತದೆ. ಹಾಸಿಗೆ ಮರಳಿ ಹಾಸಿಗೆಯೇ ಆಗಬೇಕಾದರೆ ಮಾತ್ರ ರಸಾಯನದ ದಾರಿ ಹಿಡಿಯಬೇಕು: ತಕ್ಕ ದ್ರವದಲ್ಲಿ ಫೋಮನ್ನು ಬಿಸಿಮಾಡಿ ಅದರ ಸರಪಳಿಗಳನ್ನು ಕಡಿದು, ಪಾಲಿಯಾಲನ್ನು ಮರಳಿ ಪಡೆಯುವುದು. ಇದೀಗ ಯೂರೋಪಿನಲ್ಲಿ ಸಾಧ್ಯವಾಗಿದೆ. ಆದರೂ ಹಾಗೆ ಪಡೆದದ್ದನ್ನು ಸಾಮಾನ್ಯವಾಗಿ ಹೊಸ ಪಾಲಿಯಾಲಿನೊಂದಿಗೆ ಬೆರೆಸಿಯೇ ಹಾಸಿಗೆ ಮಾಡುತ್ತಾರೆ.

ಇಷ್ಟೆಲ್ಲ ನೋಡುತ್ತಿದ್ದಾಗ ನಮ್ಮ ಮನಸ್ಸು ಗದುಗಿನಲ್ಲಿತ್ತು. ನಮ್ಮ ತಾಯಿಯವರು ತೀರಿಕೊಂಡು ಎರಡು ವರ್ಷವಾಗಿದೆ. ಕೊನೆಯ ಎಂಟು ತಿಂಗಳು ಅವರು ಮಲಗಿದ್ದ ಅರಳೆಯ ಗಾದಿಯನ್ನು ಸುಡಬೇಕೆಂದು ತಮ್ಮ, ಇರಲೆಂದು ನಾವು. ಈ ಮಾತಿನಲ್ಲಿ ಅಣ್ಣತಮ್ಮಂದಿರ ನಡುವೆ ಮುನಿಸೂ ಬೆಳೆದಿತ್ತು. ಗಾದಿ ಅಟ್ಟದ ಮೇಲೆಯೇ ಉಳಿದಿತ್ತು. ನಮ್ಮ ಬಾಲ್ಯದಲ್ಲಿ ಸುಗ್ಗಿ ಮುಗಿದ ಮೇಲೆ ಪಿಂಜಾರ ಸಾಹೇಬರು ಬಿಲ್ಲು ಹೊತ್ತು ಮನೆ ಮನೆಗೆ ಬರುತ್ತಿದ್ದರು. ಅಂಗಳದಲ್ಲಿ ಗಾದಿ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಹಿಂಜಿ, ಸಂಜೆಯೊಳಗೆ ಅದೇ ಹತ್ತಿಯಿಂದ ಹೊಸ ಗಾದಿ ಹೊಲಿದು ಕೊಡುತ್ತಿದ್ದರು. ಅದಕ್ಕೆ ಅಂಟೂ ಬೇಕಿರಲಿಲ್ಲ, ರಸಾಯನವೂ ಬೇಕಿರಲಿಲ್ಲ.

ಊರಿಗೆ ಮರಳಿದ ವಾರದಲ್ಲೇ ತಮ್ಮನನ್ನೂ ಕರೆದುಕೊಂಡು ಆ ಸಾಹೇಬರ ಮಗನ ಅಂಗಡಿಗೆ ಗಾದಿಯನ್ನು ಒಯ್ದೆವು. ಈಗ ಅಲ್ಲಿ ಬಿಲ್ಲಿಲ್ಲ, ಕರೆಂಟಿನ ಯಂತ್ರವಿದೆ. ಹೊಲಿಗೆ ಬಿಚ್ಚಿ ಹಿಡಿ ಹತ್ತಿಯನ್ನು ಬೆರಳಿನಲ್ಲಿ ಎಳೆದು ನೋಡಿದ ಅವರು, “ಹಳೇ ಜಯಧರ ಹತ್ತಿ ಐತ್ರಿ ಅಣ್ಣಾರ, ಇನ್ನೂ ಗಟ್ಟಿ ಐತಿ” ಎಂದರು. ಕಲೆಬಿದ್ದ ಭಾಗವನ್ನು ಬೇರೆ ತೆಗೆದಿಟ್ಟರು. ಒಂದಿಷ್ಟು ಧೂಳಾಗಿ ಹೋಯಿತು. ಉಳಿದದ್ದು ಎರಡು ಸಣ್ಣ ಗಾದಿಗಳಿಗೆ ಸಾಕಾಯಿತು. ಒಂದನ್ನು ತಮ್ಮ ತನ್ನ ಮೊಮ್ಮಗನಿಗೆಂದು ಹೆಗಲ ಮೇಲೆ ಹೊತ್ತು ನಡೆದ. ಇನ್ನೊಂದು ನಮ್ಮ ಮನೆಯಲ್ಲಿದೆ; ಡಿಸೆಂಬರ್ ರಜೆಗೆ ಮೊಮ್ಮಗಳು ಬರುವವಳಿದ್ದಾಳೆ.