ಹೊಳವನಹಳ್ಳಿಯ ಗಾಳಿ, ಕಾರಿನ ಹೊಗೆ

ತುಮಕೂರು ಜಿಲ್ಲೆ ಕೊರಟಗೆರೆ ತಾಲ್ಲೂಕಿನ ಹೋಬಳಿ ಕೇಂದ್ರ ಹೊಳವನಹಳ್ಳಿ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿ ಹರಿಯುವ ತಾಲ್ಲೂಕಿದು. ಗಿಡಮೂಲಿಕೆಗಳಿಗೆ ಹೆಸರಾದ ಸಿದ್ಧರಬೆಟ್ಟವೂ ಇಲ್ಲೇ ಇದೆ. ಒಳ್ಳೆಯ ಗಾಳಿಗೆಂದು ಇತ್ತ ಬರುವವರು, ತಮ್ಮ ಕಾರು ಇಲ್ಲಿ ಏನನ್ನು ಬಿಟ್ಟುಹೋಗುತ್ತದೆ ಎಂದೂ ಯೋಚಿಸಬೇಕು.

ಟರ್ಬೋಚಾರ್ಜರ್ ಎಂಬುದು ಎಂಜಿನ್ನಿನ ಹೊಗೆಯ ರಭಸದಿಂದಲೇ ತಿರುಗುವ ಪುಟ್ಟ ಚಕ್ರ. ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ. ಅದಕ್ಕೆ ತಕ್ಕಂತೆ ಇಂಧನ ಉರಿದು ಶಕ್ತಿ ಹೆಚ್ಚುತ್ತದೆ. ಇಷ್ಟಕ್ಕೆ ತೃಪ್ತರಾಗದ ಕೆಲವರು, ಹೊಗೆ ಸರಾಗವಾಗಿ ಹೋಗಲೆಂದು ಕ್ಯಾಟಲಿಟಿಕ್ ಕನ್ವರ್ಟರನ್ನೂ ಡೀಸೆಲ್ ಕಾರಿನಲ್ಲಿ ಮಸಿ ಸೋಸುವ ಫಿಲ್ಟರನ್ನೂ ತೆಗೆಸಿ ಬರಿಯ ಕೊಳವೆ ಹಾಕಿಸುತ್ತಾರೆ.

ಹೀಗೆ ತೆಗೆಸಿದ್ದಾದರೂ ಏನು? ಕನ್ವರ್ಟರಿನೊಳಗೆ ಜೇನುಗೂಡಿನಂಥ ರಂಧ್ರಗಳಿವೆ. ಅವುಗಳ ಗೋಡೆಗೆ ಪ್ಲಾಟಿನಂ, ಪಲ್ಲೇಡಿಯಂ ಮುಂತಾದ ಲೋಹಗಳ ಲೇಪವಿದೆ. ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್ ಅಲ್ಲಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಫಿಲ್ಟರಿನಲ್ಲಿ ಸಿಕ್ಕಿದ ಮಸಿ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟುಹೋಗುತ್ತದೆ. ಇವಿಲ್ಲದಿದ್ದರೆ ಆ ಸೂಕ್ಷ್ಮ ಕಣಗಳು, ರಸ್ತೆ ಬದಿಯಲ್ಲಿ ಬಸ್ಸಿಗೆ ಕಾಯುವ ಮಕ್ಕಳ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ.

ಭಾರತ್ ಹಂತ 6ರ ಹೊಗೆ ಮಿತಿ 2020ರ ಏಪ್ರಿಲ್ 1ರಂದು ದೇಶದಾದ್ಯಂತ ಜಾರಿಗೆ ಬಂತು. ಮಾಲಿನ್ಯದ ಮಿತಿ ಮೀರಿದರೆ ವಿಧಿಸುವ ದಂಡವನ್ನು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ 10,000 ರೂಪಾಯಿವರೆಗೆ ಏರಿಸಿತು. ಆದರೆ ಪ್ರತಿ ಹಳ್ಳಿಯ ದಾರಿಯಲ್ಲೂ ತಪಾಸಣೆ ನಡೆಯುವುದಿಲ್ಲ.

ಮಗನ ಕೈಗೆ ಕಾರಿನ ಕೀಲಿ ಕೊಡುವ ತಂದೆತಾಯಿಯರು, ಕಾರಿನಿಂದ ಏನನ್ನಾದರೂ ತೆಗೆಸಿದ್ದಾನೆಯೇ ಎಂದು ಒಮ್ಮೆ ಕೇಳಲಿ. ಹೊಳವನಹಳ್ಳಿಗೆ ಹತ್ತು ನಿಮಿಷ ತಡವಾಗಿ ತಲುಪಿದರೆ ನಷ್ಟವೇನಿಲ್ಲ.