‘ಥ್ಯಾಂಕ್ಸ್’ ಅನ್ನೋ ಪದವೇ ಇಲ್ಲದ ಥ್ಯಾಂಕ್ಸ್ ಪತ್ರ

ನಮ್ಮಲ್ಲಿ ಮನೆಯವರಿಗೆ ಥ್ಯಾಂಕ್ಸ್ ಹೇಳುವ ರೂಢಿ ಕಡಿಮೆ. ಊಟ ಬಡಿಸಿದ ಅಮ್ಮನಿಗೆ ‘ಧನ್ಯವಾದಗಳು’ ಅಂದು ನೋಡಿ, ‘ಏನಾಯ್ತೇ ನಿಂಗೆ?’ ಅಂತ ಹಣೆ ಮುಟ್ಟಿ ನೋಡ್ತಾರೆ. ಹಾಗಂತ ನಮಗೆ ಕೃತಜ್ಞತೆ ಗೊತ್ತಿಲ್ಲ ಅಂತೇನಲ್ಲ. ಪಕ್ಕದ ಮನೆಯಿಂದ ಪಾಯಸ ಬಂದ ಡಬ್ಬಿ ಖಾಲಿ ವಾಪಸ್ ಹೋಗುತ್ತಿರಲಿಲ್ಲ. ಬೇರೇನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಅದರಲ್ಲಿ ಇರುತ್ತಿತ್ತು. ಹಸಿದು ಬಂದವರು ಉಂಡೆದ್ದು ಹೋಗುವಾಗ ‘ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ’ ಅಂತ ಹರಸುತ್ತಿದ್ದರು.

ಈಗ ನಾವಿರೋದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ, ಅಮ್ಮ ಇರೋದು ಸಾಗರದ ಹತ್ತಿರದ ಹಳ್ಳಿಯಲ್ಲಿ. ಡಬ್ಬಿ ತುಂಬಿಸಿ ಆಚೆ ಮನೆಗೆ ಕೊಟ್ಟು ಬರೋ ದೂರ ಅಲ್ಲ ಇದು. ಬಸ್ಸಿನಲ್ಲಿ ಬರುವವರ ಕೈಲಿ ಹಪ್ಪಳ, ಉಪ್ಪಿನಕಾಯಿ ಬರುತ್ತೆ. ನಮ್ಮ ಕಡೆಯಿಂದ ವಾಟ್ಸ್ಆ್ಯಪ್‌ನಲ್ಲಿ ಕೈಮುಗಿಯೋ ಚಿತ್ರ ಹೋಗುತ್ತೆ.

ಜೂನ್‌ನಲ್ಲಿ ಮಗಳಿಗೆ ಏಳು ತುಂಬಿತು. ಶಾಲೆಯಲ್ಲಿ ಥ್ಯಾಂಕ್ಯೂ ನೋಟ್ ಬರೆಯೋದು ಹೇಳಿಕೊಟ್ಟಿದ್ದರು. ಅವಳು ಉತ್ಸಾಹದಿಂದ ಕೂತು, ಉಡುಗೊರೆ ಕೊಟ್ಟ ಹನ್ನೊಂದು ಜನಕ್ಕೂ ಇಂಗ್ಲಿಷಿನಲ್ಲಿ ಒಂದೇ ವಾಕ್ಯ ಬರೆದಳು: ‘ಥ್ಯಾಂಕ್ಯೂ ಫಾರ್ ದ ಲವ್ಲಿ ಗಿಫ್ಟ್’. ಹೆಸರು ಮಾತ್ರ ಬೇರೆ ಬೇರೆ. ಅಜ್ಜಿಗೂ ಅದೇ. ಅಜ್ಜಿಗೆ ಇಂಗ್ಲಿಷ್ ಬರಲ್ಲ. ಮೊಮ್ಮಗಳು ಕನ್ನಡ ಚೆನ್ನಾಗಿ ಮಾತಾಡ್ತಾಳೆ, ಬರೆಯೋದು ಅಂದ್ರೆ ಒತ್ತಕ್ಷರದ ಭಯ. ಅಜ್ಜಿಯ ಕಾರ್ಡನ್ನು ಕನ್ನಡದಲ್ಲೇ ಬರೆಸೋಣ ಅಂದುಕೊಂಡೆ.

ಫೋನಿನಲ್ಲಿ ವಿಷಯ ಹೇಳಿದಾಗ ಅಮ್ಮ ಒಪ್ಪಲಿಲ್ಲ. ‘ನಂಗೆಂಥ ಥ್ಯಾಂಕ್ಸು? ನಾನೇನು ಹೊರಗಿನವಳಾ?’ ಅಂದರು. ದನಿಯಲ್ಲಿ ಸಣ್ಣ ನೋವಿತ್ತು. ಯೋಚಿಸಿದರೆ ಅವರ ಮಾತು ಸರಿ. ನಮ್ಮಲ್ಲಿ ಆ ಪದಕ್ಕೆ ಒಂದು ದೂರ ಇದೆ. ಆಫೀಸಿನ ಇ-ಮೇಲ್ ಕೊನೆಗೆ ಹಾಕೋ ಪದವನ್ನ ಅಜ್ಜಿಯ ಮಡಿಲಿಗೆ ಹಾಕಿದರೆ ಅವರಿಗೆ ಹೇಗನ್ನಿಸಬೇಕು?

ಹಾಗಾಗಿ ನಮ್ಮ ಮನೆಯ ನಿಯಮ ಹೀಗಾಯ್ತು: ಥ್ಯಾಂಕ್ಸ್, ಧನ್ಯವಾದ ಎರಡೂ ಬೇಡ. ಮೂರು ವಿಷಯ ಬರೆದರೆ ಸಾಕು. ಏನು ಕೊಟ್ಟರು (‘ಗಿಫ್ಟ್’ ಅನ್ನೋ ಹಾಗಿಲ್ಲ, ಅದರ ಹೆಸರೇ ಬರೀಬೇಕು). ಅದನ್ನ ನೀನು ಏನು ಮಾಡಿದೆ. ಕೊನೆಗೆ, ಅವರಿಗೆ ಒಂದು ಪ್ರಶ್ನೆ.

ಅರ್ಧ ಗಂಟೆ ಪೆನ್ಸಿಲ್ ಕಚ್ಚಿ ಮಗಳು ಬರೆದದ್ದು ಇಷ್ಟು: ‘ಅಜ್ಜಿ, ನೀನು ಕಳಿಸಿದ ಹಲಸಿನ ಹಪಳ ಬಂತು. ನಾನು ಆರು ತಿಂದೆ. ಅಪ್ಪನಿಗೆ ಒಂದೇ ಕೊಟ್ಟೆ. ಹಪಳ ಒಣಗಿಸುವಾಗ ಕಾಗೆ ಬರಲ್ವಾ?’

ಹಪ್ಪಳದ ಒತ್ತು ಎರಡೂ ಕಡೆ ಹಾರಿಹೋಗಿತ್ತು. ತಿದ್ದಲಿಲ್ಲ. ಕೆಂಪು ಗೆರೆ ಬಿದ್ದರೆ ಅದು ಹೋಂವರ್ಕ್ ಆಗಿಬಿಡುತ್ತೆ.

ಕಾರ್ಡ್ ತಲುಪಿದ ದಿನ ಅಮ್ಮ ಫೋನ್ ಮಾಡಿ ನೇರ ಮೊಮ್ಮಗಳನ್ನೇ ಕೇಳಿದರು. ಅಲ್ಲಿತನಕ ಅವರಿಬ್ಬರ ಮಾತು ‘ಊಟ ಆಯ್ತಾ?’, ‘ಹೂಂ’ ದಾಟಿದ್ದು ಅಪರೂಪ. ಅವತ್ತು ಕಾಗೆ ಕಥೆ ಶುರುವಾಯ್ತು. ಅಜ್ಜಿ ಚಿಕ್ಕವಳಿದ್ದಾಗ ಕೋಲು ಹಿಡಿದು ಹಪ್ಪಳದ ಚಾಪೆ ಕಾಯ್ತಿದ್ದದ್ದು, ನಿದ್ದೆ ಬಂದು ತೂಕಡಿಸಿದ್ದು, ಕಾಗೆಗಿಂತ ಹೆಚ್ಚು ಹಸಿ ಹಪ್ಪಳ ತಾನೇ ತಿಂದು ಬೈಸಿಕೊಂಡದ್ದು. ಇಷ್ಟು ವರ್ಷದಲ್ಲಿ ನನಗೂ ಹೇಳಿರದ ಕಥೆ. ನಾನು ಯಾವತ್ತೂ ಕೇಳಿರಲಿಲ್ಲವಲ್ಲ!

ನಿಮ್ಮ ಮನೆಯಲ್ಲೂ ಶುರು ಮಾಡೋದಾದ್ರೆ ಒಂದೆರಡು ಮಾತು. ನಾಲ್ಕು ವರ್ಷದ ಮಗು ಚಿತ್ರ ಬರೆಯಲಿ, ಅದು ಹೇಳಿದ ಮಾತನ್ನ ಹೇಳಿದ ಹಾಗೇ ನೀವು ಕೆಳಗೆ ಬರೆಯಿರಿ. ಆರು ವರ್ಷಕ್ಕೆ ಒಂದು ಸಾಲು ಸಾಕು. ಒಂದು ಸಲಕ್ಕೆ ಒಂದೋ ಎರಡೋ ಕಾರ್ಡ್, ಹನ್ನೊಂದು ಬರೆಸಿದರೆ ಮುಂದಿನ ವರ್ಷ ಪೆನ್ಸಿಲ್ ಮುಟ್ಟಲ್ಲ. ಪೋಸ್ಟ್ ಕಾರ್ಡ್ ಚಿಕ್ಕ ಮಕ್ಕಳಿಗೆ ಹೇಳಿ ಮಾಡಿಸಿದ ಹಾಗಿದೆ, ಇರೋದೇ ಅಂಗೈಯಷ್ಟು ಜಾಗ. ನಮ್ಮ ದೇಶದಲ್ಲಿ 1879ರಿಂದ ಇರುವ ಈ ಕಾರ್ಡಿನ ಬೆಲೆ 50 ಪೈಸೆ. ವಿಳಾಸವನ್ನೂ ಮಗುವಿನ ಕೈಯಲ್ಲೇ ಬರೆಸಿ. 1972ರಲ್ಲಿ ಬಂದ ಪಿನ್‌ಕೋಡಿನ ಆರು ಅಂಕಿಯಲ್ಲಿ ಕರ್ನಾಟಕದ್ದೆಲ್ಲ 5ರಿಂದ ಶುರು, ಕೊನೆಯ ಮೂರು ಅಂಕಿ ಅಜ್ಜಿಯ ಅಂಚೆ ಕಚೇರಿಯದ್ದು ಅಂತ ಹೇಳಿದ ಮೇಲೆ ನಮ್ಮವಳಿಗೆ ಅದೊಂದು ಆಟ.

ಕಷ್ಟದ ಪ್ರಶ್ನೆ ಬಂದದ್ದು ಜರಿ ಲಂಗದಿಂದ. ಅವಳ ಅತ್ತೆ ಕೊಟ್ಟದ್ದು, ಹಾಕಿದರೆ ಚುಚ್ಚುತ್ತೆ. ‘ಇಷ್ಟ ಆಯ್ತು ಅಂತ ಸುಳ್ಳು ಬರೀಲಾ?’ ಅಂತ ಕೇಳಿದಳು. ಬೇಡ ಅಂದೆ. ಹಾಗಂತ ಕೊಟ್ಟವರ ಮನಸ್ಸು ನೋಯಿಸೋದೂ ಬೇಡ. ಲಂಗ ಪಕ್ಕಕ್ಕಿಡು, ಅತ್ತೆ ಏನೇನು ಮಾಡಿರಬಹುದು ಯೋಚಿಸು ಅಂದೆ. ಕೊನೆಗೆ ಬರೆದಳು: ‘ಅತ್ತೆ, ನೀವು ನನಗೋಸ್ಕರ ಅಂಗಡಿ ಹುಡುಕಿ ಲಂಗ ತಂದ್ರಿ. ಬಣ್ಣ ನವಿಲಿನ ಥರ ಇದೆ. ಜರಿ ಸ್ವಲ್ಪ ಚುಚ್ಚುತ್ತೆ, ಅಮ್ಮ ಒಳಗೆ ಲೈನಿಂಗ್ ಹಾಕಿಸ್ತಾಳಂತೆ. ನಿಮಗೆ ಯಾವ ಬಣ್ಣ ಇಷ್ಟ?’ ಅತ್ತೆ ಬೇಜಾರು ಮಾಡಿಕೊಳ್ಳಲಿಲ್ಲ. ದಸರಾಕ್ಕೆ ಹತ್ತಿಯ ಫ್ರಾಕ್ ಬಂತು.

ಈಗ ಉಡುಗೊರೆ ಬರಲಿ ಅಂತ ಅವಳು ಕಾಯೋದಿಲ್ಲ. ಆಗಸ್ಟಿನಲ್ಲಿ ಒಂದು ಸಂಜೆ ಶಾಲೆಯ ವ್ಯಾನ್ ಅಂಕಲ್‌ಗೆ ಬರೀತೀನಿ ಅಂತ ಕೂತಳು. ಅವರೇನು ಕೊಟ್ಟರು ಅಂದೆ. ‘ಏನೂ ಕೊಟ್ಟಿಲ್ಲ. ಮಳೆ ಬಂದ್ರೆ ಛತ್ರಿ ಹಿಡಿದು ಗೇಟ್ ತನಕ ಬರ್ತಾರೆ. ಅವರ ಒಂದು ಭುಜ ಮಾತ್ರ ಒದ್ದೆ ಆಗಿರುತ್ತೆ’ ಅಂದಳು.

ದಿನಾ ಬಾಲ್ಕನಿಯಿಂದ ನಾನೂ ಆ ಛತ್ರಿ ನೋಡ್ತಿದ್ದೆ. ಒದ್ದೆ ಭುಜ ಕಂಡದ್ದು ಅವಳಿಗೆ. ಚೆಂದದ ಅಕ್ಷರ, ಶಿಸ್ತು, ಶಿಷ್ಟಾಚಾರ ಎಲ್ಲ ನಿಧಾನಕ್ಕೆ ಬರಲಿ. ಯಾರು ನಮಗಾಗಿ ಎಲ್ಲಿ ನೆನೆದರು ಅಂತ ಮಕ್ಕಳ ಕಣ್ಣಿಗೆ ಬಿದ್ದರೆ 50 ಪೈಸೆಯ ಕಾರ್ಡಿನಿಂದ ಇನ್ನೇನು ಬೇಕು?