ಅಂಗಳದ ಲೈಟಿಗೆ ಬುಟ್ಟಿ ಹಾಕಿದ್ದು

ಇವತ್ತು ಬೆಳೆ ಬಗ್ಗೆ ಅಲ್ಲ, ಮನೆ ಮುಂದಿನ ಲೈಟಿನ ಬಗ್ಗೆ ಬರೀತೀನಿ. ಮನೆಯಲ್ಲಿ ವಯಸ್ಸಾದವರು ಇದ್ದರೆ ಪೂರ್ತಿ ಓದ್ರಿ.

ಹೋದ ವರ್ಷ ಅಂಗಳದಲ್ಲಿ ಮೆಣಸಿನಕಾಯಿ ಒಣಗಲು ಹಾಕಿದ್ದೆವು. ರಾತ್ರಿ ಕಾವಲಿಗೆ ಆಗಲಿ ಅಂತ ಎದುರಿನ ಕೊಟ್ಟಿಗೆ ಕಂಬಕ್ಕೆ, ಆಳೆತ್ತರದಲ್ಲಿ, ಮನೆ ಕಡೆ ಮುಖ ಮಾಡಿ 50 ವ್ಯಾಟಿನ ಎಲ್‌ಇಡಿ ಫ್ಲಡ್ ಲೈಟ್ ಹಾಕಿಸಿದೆ. ಮೆಣಸಿನಕಾಯಿ ಮಾರಿ ಆಯಿತು, ಲೈಟು ಅಲ್ಲೇ ಉಳಿಯಿತು.

ನಮ್ಮ ಕುಡತಿನಿ ಥರ್ಮಲ್ ಊರು. 500, 500, 700, ಮೂರು ಘಟಕ ಸೇರಿ 1,700 ಮೆಗಾವ್ಯಾಟ್. ನಾನು ಬೆಳೆದದ್ದು ಭಾಗ್ಯಜ್ಯೋತಿಯ 40 ವ್ಯಾಟಿನ ಒಂದೇ ಬಲ್ಬಿನ ಮನೆಯಲ್ಲಿ. ಹಂಗಾಗಿ ಬೆಳಕು ಎಷ್ಟು ಜಾಸ್ತಿ ಇದ್ದರೆ ಅಷ್ಟು ಒಳ್ಳೇದು ಅಂತಲೇ ನಂಬಿದ್ದೆ.

ಶ್ರಾವಣದಲ್ಲಿ ಒಂದು ರಾತ್ರಿ ಅಪ್ಪ ಒಂದಕ್ಕೆ ಅಂತ ಎದ್ದು ಹೊರಗೆ ಬಂದರು. ಕಟ್ಟೆ ಅಂಚು ಕಾಣದೆ ಕಾಲು ತಪ್ಪಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು, ಆರು ವಾರ ಪಟ್ಟಿ. ನಾನು ಮನೆಯಲ್ಲಿ ಹೇಳಿದೆ, ಇನ್ನೊಂದು ಲೈಟ್ ಹಾಕಿಸಿಬಿಡೋಣ ಅಂತ.

ಸೊಸೆ ಅಂದಳು, "ಬೆಳಕು ಕಡಿಮಿ ಆಗಿ ಬಿದ್ದಿಲ್ರಿ ಮಾವ. ತಾತ ಹೊರಗ ಬಂದ ಕೂಡ್ಲೆ ಹಣಿಗೆ ಕೈ ಅಡ್ಡ ಇಡ್ತಾರ, ನೋಡಿಲ್ಲೇನ್ರಿ? ರಾತ್ರ್ಯಾಗ ಯಾರರ ಬಿಸಿಲಿಗೆ ಇಟ್ಟಂಗ ಕೈ ಇಡ್ತಾರೇನ್ರಿ?"

ನಾನು ನೋಡಿರಲಿಲ್ಲ. ಅಪ್ಪ ಸಂಜೆ ಕಟ್ಟೆ ಮೇಲೆ ಕೂಡೋದು ಬಿಟ್ಟೇ ತಿಂಗಳುಗಳಾಗಿದ್ದವು. ವಯಸ್ಸಾಯ್ತು, ಅದಕ್ಕೇ ಒಳಗೆ ಇರ್ತಾರೆ ಅಂದುಕೊಂಡಿದ್ದೆ.

ಅವತ್ತು ರಾತ್ರಿ ಅಪ್ಪ ನಿಂತ ಜಾಗದಲ್ಲೇ ನಿಂತು ನೋಡಿದೆ. ಬಳ್ಳಾರಿ–ಹೊಸಪೇಟೆ ರೋಡಲ್ಲಿ ಎದುರಿಂದ ಲಾರಿ ಹೈಬೀಮ್ ಹಾಕಿಕೊಂಡು ಬಂದರೆ ಹೆಂಗೆ ಆಗುತ್ತೋ ಹಂಗೆ. ಲೈಟು ಕಾಣುತ್ತೆ, ಕಾಲ ಕೆಳಗಿನ ನೆಲ ಕಾಣಲ್ಲ. ಕಣ್ಣಿಗೆ ನೇರ ಬೆಳಕು ಹೊಡೆದರೆ ಪಾಪೆ ಕಿರಿದಾಗುತ್ತೆ, ಆಮೇಲೆ ಕತ್ತಲಿರೋ ಕಡೆ ಏನೂ ತಿಳಿಯಲ್ಲ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಪೊರೆ ಬಂದ ಕಣ್ಣಾದರೆ ಇನ್ನೂ ಕಷ್ಟ, ಮಂಜು ಹಿಡಿದ ಗಾಜಿನ ಮೂಲಕ ನೋಡಿದಂಗೆ ಬೆಳಕೆಲ್ಲ ಕಣ್ಣೊಳಗೇ ಚೆದುರಿಹೋಗುತ್ತೆ.

ಮರುದಿನ ಫ್ಲಡ್ ಲೈಟನ್ನು ಕೊಟ್ಟಿಗೆ ನೆಲದ ಕಡೆ ಬಗ್ಗಿಸಿದೆ, ಅದಕ್ಕೆ ಬೇರೆ ಸ್ವಿಚ್ಚು. ಸೊಸೆ ಅಟ್ಟದಿಂದ ಮೇದಾರರು ಹೆಣೆದ ಹಳೇ ಬಿದಿರು ಬುಟ್ಟಿ ಇಳಿಸಿದಳು. ತಳಕ್ಕೆ ತೂತು ಮಾಡಿ, ಹೋಲ್ಡರ್ ತೂರಿಸಿ, ಬಾಗಿಲ ಮುಂದಿನ ಚಪ್ಪರಕ್ಕೆ ಬುಟ್ಟಿ ಬೋರಲು ತೂಗುಹಾಕಿದೆವು. ಒಳಗೆ 9 ವ್ಯಾಟಿನ ಹಳದಿ ಬೆಳಕಿನ ಬಲ್ಬು. ಬುಟ್ಟಿ ಅಂಚು ಬಲ್ಬಿಗಿಂತ ಒಂದು ಗೇಣು ಕೆಳಗೆ ಬರಬೇಕು. ಕಟ್ಟೆ ಅಂಚಿಗೆ ಕೆಮ್ಮಣ್ಣು ಬಳಿದು, ಮೇಲೆ ಸುಣ್ಣದ ಪಟ್ಟಿ ಎಳೆದಳು. ಖರ್ಚು ಹೋಲ್ಡರ್, ವೈರು, ಬಲ್ಬಿಂದು ಮಾತ್ರ.

ಸಂಜೆ ಲೈಟ್ ಹಾಕಿದರೆ ಬುಟ್ಟಿ ಹೆಣಿಗೆ ನೆರಳು ಗೋಡೆ ತುಂಬ ರಂಗೋಲಿ ಬಿಟ್ಟಂಗೆ ಬಿತ್ತು. ಬೆಳಕು ಕಟ್ಟೆ ಮೇಲೆ, ಮೆಟ್ಟಿಲ ಮೇಲೆ ಬಿತ್ತು, ಕಣ್ಣಿಗೆ ಹೊಡೀಲಿಲ್ಲ. ಸುಣ್ಣದ ಗೆರೆ ಬೆಳ್ಳಗೆ ಎದ್ದು ಕಾಣ್ತಿತ್ತು. ಹುಳ ಮುತ್ತೋದೂ ಕಡಿಮೆ ಆಯಿತು.

ಮಾಡೋರಿಗೆ ಎರಡು ಮಾತು. ಫ್ಲಡ್ ಲೈಟು, ಹ್ಯಾಲೊಜನ್‌ಗೆ ಬುಟ್ಟಿ, ಬಟ್ಟೆ, ಪೇಪರ್ ಮುಚ್ಚಬೇಡ್ರಿ, ಬಿಸಿಯಾಗಿ ಬೆಂಕಿ ಹತ್ತೀತು. ಸಣ್ಣ ಎಲ್‌ಇಡಿಗೂ ಸುತ್ತ ಗಾಳಿ ಆಡಲು ಜಾಗ ಬಿಡ್ರಿ, ಮಳೆ ನೀರು ತಾಗದಂಗೆ ಹಾಕ್ರಿ. ಬಲ್ಬಿನ ಡಬ್ಬಿ ಮೇಲೆ 6500ಕೆ ಅಂತ ಇದ್ದರೆ ನೀಲಿ ಬಿಳುಪು, 2700ಕೆ ಅಥವಾ 3000ಕೆ ಅಂದರೆ ಹಳದಿ. ಕಟ್ಟೆಗೆ ಹಳದಿ ಸಾಕು.

ಪಟ್ಟಿ ಬಿಚ್ಚಿದ ವಾರ ಅಪ್ಪ ತಾವೇ ಹೊರಗೆ ಬಂದು ಕೂತರು. ಹಣೆಗೆ ಕೈ ಹೋಗಲಿಲ್ಲ. "ಈಗ ನಿನ್ ಮಾರಿ ಕಾಣಾಕತ್ತೈತಿ ನೋಡು" ಅಂದರು. ಇಷ್ಟು ದಿನ ನಾನು ಎದುರಿಗೆ ಕೂತಾಗ ಅವರಿಗೆ ನನ್ನ ಮುಖವೇ ಕಂಡಿರಲಿಲ್ಲ, ಬೆಳಕೆಲ್ಲ ನನ್ನ ಬೆನ್ನ ಹಿಂದೆ ಇತ್ತು.

ಇವತ್ತು ರಾತ್ರಿ ನಿಮ್ಮ ಮನೆ ಹಿರಿಯರು ಕೂಡೋ ಜಾಗದಲ್ಲಿ ಒಮ್ಮೆ ಕೂತು ನೋಡ್ರಿ. ಬಲ್ಬೇ ಕಣ್ಣಿಗೆ ಬಿದ್ದರೆ, ಅಟ್ಟದ ಮೇಲೆ ಹಳೇ ಬುಟ್ಟಿ ಐತೇನು ಹುಡುಕ್ರಿ.